ಮೂರು ಸಲವೂ 10.2

ನಮ್ಮ ಬಿಎಸ್ಸಿ ಕೆಮಿಸ್ಟ್ರಿ ಲ್ಯಾಬುಗಳಷ್ಟು ಕರಾರುವಾಕ್ಕಾದ ವಿಜ್ಞಾನ ಬೇರೆಲ್ಲೂ ನಡೆಯುವುದಿಲ್ಲ. ನಂಬಿಕೆ ಬಾರದಿದ್ದರೆ ಯಾವ ವಿದ್ಯಾರ್ಥಿಯ ರೆಕಾರ್ಡನ್ನಾದರೂ ತೆರೆದು ನೋಡಿ. ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಎಷ್ಟು ಹಿಡಿಯಿತೆಂದು ಅಳೆಯುವ ಟೈಟ್ರೇಷನ್ ಮೂರು ಸಲ, ರೀಡಿಂಗ್ ಮೂರು ಸಲವೂ 10.2 ಎಂಎಲ್. ಹನಿ ಬಿಡುವ ಬ್ಯೂರೆಟ್ ಸೋರುತ್ತಿರುತ್ತದೆ, ಪಿಪೆಟ್ಟಿನ ಮೂತಿ ಮುಕ್ಕಾಗಿರುತ್ತದೆ, ಪರ್ಮಾಂಗನೇಟ್ ಯಾವಾಗ ಕಲಸಿಟ್ಟದ್ದೋ ದೇವರಿಗೇ ಗೊತ್ತು. ಆದರೂ 10.2. ಬಹಳ ಜಾಣರಾದವರು ಮಾತ್ರ ಮೊದಲ ಸಾಲಿನಲ್ಲಿ 10.4 ಎಂದು ಬರೆಯುತ್ತಾರೆ. ಸುಳ್ಳಿಗೂ ಒಂದಿಷ್ಟು ಸಹಜತೆ ಬೇಡವೇ?

ಆಕ್ಸಾಲಿಕ್ ಆಮ್ಲವನ್ನು 60ರಿಂದ 70 ಡಿಗ್ರಿಗೆ ಕಾಯಿಸಿಕೊಂಡು ಟೈಟ್ರೇಟ್ ಮಾಡಬೇಕು, ತಣ್ಣಗಿದ್ದರೆ ಪರ್ಮಾಂಗನೇಟಿನ ಬಣ್ಣ ಬೇಗ ಹೋಗುವುದಿಲ್ಲ. ಲ್ಯಾಬಿನಲ್ಲಿ ಗ್ಯಾಸ್ ಇಲ್ಲದಿದ್ದರೆ? ‘ಬಿಸಿ ಮಾಡಲಾಯಿತು’ ಎಂದು ಬರೆದರಾಯಿತು. ಕರ್ಮಣಿ ಪ್ರಯೋಗದಲ್ಲಿ ದ್ರಾವಣ ತಾನೇ ಕಾಯುತ್ತದೆ.

ಕೊಟ್ಟ ಲವಣ ಯಾವುದೆಂದು ಪತ್ತೆಹಚ್ಚುವ ಸಾಲ್ಟ್ ಅನಾಲಿಸಿಸ್ ಇನ್ನೂ ಸೊಗಸು. ಅಲ್ಲಿ ನಿಜವಾದ ಕೆಮಿಸ್ಟ್ ಅಟೆಂಡರ್.

‘ಅಣ್ಣಾ, ಏಳನೇ ನಂಬರ್ ಯಾವ್ದು?’

‘ಅಮೋನಿಯಂ ಕ್ಲೋರೈಡ್ ಕಣೋ. ಬೇಗ ಬರ್ದು ಎದ್ದೇಳು, ಇನ್ನೊಂದ್ ಬ್ಯಾಚ್ ಕಾಯ್ತಿದೆ.’

ಉತ್ತರ ಸಿಕ್ಕ ಮೇಲೆ ಪ್ರಯೋಗ ಎಷ್ಟೊತ್ತಿನ ಕೆಲಸ! ಕಾಸ್ಟಿಕ್ ಸೋಡಾ ಹಾಕಿ ಕಾಯಿಸಿದಾಗ ಅಮೋನಿಯಾ ವಾಸನೆ ‘ಬಂತು’, ಕೆಂಪು ಲಿಟ್ಮಸ್ ನೀಲಿ ‘ಆಯಿತು’, ಸಿಲ್ವರ್ ನೈಟ್ರೇಟ್ ಹಾಕಿದೊಡನೆ ಮೊಸರಿನಂಥ ಬಿಳಿ ಗಸಿ ‘ಕಾಣಿಸಿತು’. ಸಿಲ್ವರ್ ನೈಟ್ರೇಟ್ ದುಬಾರಿ ಮಾಲು. ಅದು ವಿಭಾಗದ ಮುಖ್ಯಸ್ಥರಾದ ಎಚ್‌ಒಡಿ ಬೀರುವಿನೊಳಗೆ ಭದ್ರವಾಗಿದೆ, ಎಚ್‌ಒಡಿ ಮೀಟಿಂಗಿಗೆ ಹೋಗಿದ್ದಾರೆ, ಬೀಗದ ಕೈಯೂ ಅವರ ಜೊತೆಗೇ ಹೋಗಿದೆ. ಇಡೀ ಬ್ಯಾಚಿಗೆ ಗಸಿ ಕಾಣಿಸಿದ್ದು ಮಾತ್ರ ಸತ್ಯ. ಹೊರಗಿನಿಂದ ಬಂದ ಪರೀಕ್ಷಕ, ಎಕ್ಸ್‌ಟರ್ನಲ್ ಸಾಹೇಬರು ಸಹಿಯನ್ನೇ ಹಾಕಿದ್ದಾರಲ್ಲ.

ಈ ಮಕ್ಕಳ ಪಾಲಿಗೆ ಪ್ರಾಮಾಣಿಕವಾಗಿ ನಡೆದ ಪ್ರಯೋಗ ಒಂದೇ, ಅದನ್ನು ಮಾಡಿದ್ದು ರಾಜ್ಯ ಸರ್ಕಾರ. 2021–22ರಲ್ಲಿ ಹೊಸ ಶಿಕ್ಷಣ ನೀತಿ, ನಾಲ್ಕು ವರ್ಷದ ಆನರ್ಸ್. 2024–25ಕ್ಕೆ ಮರಳಿ ಮೂರೇ ವರ್ಷ. ರಿವರ್ಸಿಬಲ್ ರಿಯಾಕ್ಷನ್ನಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಲಬಸ್ಸಿನಲ್ಲೂ ಇಲ್ಲ. ರೀಡಿಂಗ್ ಬರೆದುಕೊಳ್ಳಲು ಮಾತ್ರ ಯಾರಿಗೂ ಪುರುಸೊತ್ತಾಗಲಿಲ್ಲ. ನಡುವೆ ಸೇರಿದ ಬ್ಯಾಚುಗಳು ಫ್ಲಾಸ್ಕಿನೊಳಗಿದ್ದವು, ಅವರನ್ನು ಕೇಳುವವರ‍್ಯಾರು?

ಇಷ್ಟೆಲ್ಲ ದಾಟಿ ಫಸ್ಟ್ ಕ್ಲಾಸ್ ಬಂದವನಿಗೆ ಔಷಧ ಕಂಪನಿಯ ಗುಣಮಟ್ಟ ಪರೀಕ್ಷಿಸುವ ಕ್ಯೂಸಿ ಲ್ಯಾಬಿನಲ್ಲಿ ಕೆಲಸ ಸಿಗುತ್ತದೆ ಎನ್ನಿ. ಅಲ್ಲಿ ಮೊದಲ ಪಾಠವೇ ಡೇಟಾ ಇಂಟೆಗ್ರಿಟಿ. ಕಂಡದ್ದನ್ನು ಕಂಡ ಹೊತ್ತಿಗೇ ಬರೆಯಬೇಕು, ತಿದ್ದಿದರೆ ಕಾರಣ ಬರೆದು ಸಹಿ ಹಾಕಬೇಕು. ರೀಡಿಂಗ್ ಹುಟ್ಟಿಸಿದ್ದು ಗೊತ್ತಾದರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯಿಂದ ವಾರ್ನಿಂಗ್ ಲೆಟರ್ ಬರುತ್ತದೆ, ಮಾಲು ಬಂದರಿನಲ್ಲೇ ನಿಲ್ಲುತ್ತದೆ. ಟ್ರೇನಿಂಗ್ ಕೊಡುವವರು ಅರ್ಧ ದಿನ ಇದನ್ನೇ ಬಿಡಿಸಿ ಹೇಳಿ, ‘ಏನಾದ್ರೂ ಡೌಟ್ ಇದೆಯೇನಪ್ಪಾ?’ ಎಂದರೆ ಹುಡುಗ ಎದ್ದು ನಿಲ್ಲುತ್ತಾನೆ.

‘ಸಾರ್, ಆನ್ಸರ್ ಯಾರು ಹೇಳ್ತಾರೆ?’