ತಂತ್ರವೆಂದರೆ ಐದು ಸಾವಿರ ವರ್ಷಗಳ ಲೈಂಗಿಕ ಚಿಕಿತ್ಸೆಯೇ? – ಒಂದು ಸ್ಪಷ್ಟನೆ

ಇಂದಿನ ಶಿಬಿರಗಳಲ್ಲಿ ಕಲಿಸುವ ‘ತಂತ್ರ’ವೆಂಬ ಸಾಧನಾಮಾರ್ಗವು ಐದು ಸಾವಿರ ವರ್ಷಗಳಿಂದ ಬದಲಾಗದೆ ಬಂದ ಲೈಂಗಿಕ ಚಿಕಿತ್ಸೆ ಎಂಬ ಮಾತು ವ್ಯಾಪಕವಾಗಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಉಳಿದುಬಂದಿರುವ ಶೈವ ತಂತ್ರಗ್ರಂಥಗಳಲ್ಲಿ ಅತ್ಯಂತ ಹಳೆಯವು ಸುಮಾರು 5–6ನೇ ಶತಮಾನದವು. ಅವುಗಳ ಮುಖ್ಯ ವಸ್ತು ದೀಕ್ಷೆ, ಮಂತ್ರ, ಮಂಡಲ, ನ್ಯಾಸ (ದೇಹದ ಅಂಗಗಳಲ್ಲಿ ಮಂತ್ರಗಳನ್ನು ನೆಲೆಗೊಳಿಸುವ ವಿಧಿ) ಮತ್ತು ಮೋಕ್ಷ. ತಂತ್ರದ ಒಂದು ಶಾಖೆಯಾದ ಕೌಲದ ಕೆಲವು ಪಂಥಗಳಲ್ಲಿ ಮೈಥುನವು ವಿಧಿಯ ಅಂಗವಾಗಿತ್ತೆಂಬುದು ನಿಜವೇ ಆದರೂ, ಅದು ಗುರುದೀಕ್ಷೆ ಪಡೆದವರಿಗೆ ಮಾತ್ರ ಮೀಸಲಾದ ಗುಪ್ತ ಆಚರಣೆಯಾಗಿತ್ತೇ ಹೊರತು ದಾಂಪತ್ಯ ಸುಧಾರಣೆಯ ಉಪಾಯವಾಗಿರಲಿಲ್ಲ. ಶಿಬಿರಗಳವರು ಪದೇಪದೇ ಉಲ್ಲೇಖಿಸುವ ವಿಜ್ಞಾನಭೈರವವೆಂಬ ಶೈವ ತಂತ್ರಗ್ರಂಥವನ್ನೇ ನೋಡಿ: ಅದರ 112 ಧಾರಣೆಗಳಲ್ಲಿ (ಧ್ಯಾನವಿಧಾನಗಳಲ್ಲಿ) ಅನೇಕವು ಉಸಿರು, ಶೂನ್ಯ, ನಾದಗಳಿಗೆ ಸಂಬಂಧಿಸಿದವು, ರತಿಸುಖದ ಪ್ರಸ್ತಾಪ ಬೆರಳೆಣಿಕೆಯ ಶ್ಲೋಕಗಳಲ್ಲಷ್ಟೇ ಇದೆ.

ಈಗಿನ ರೂಪವು 20ನೇ ಶತಮಾನದ್ದು. ಆ ಶತಮಾನದ ಆರಂಭದಲ್ಲಿ ಅಮೆರಿಕದ ಯೋಗ-ತಂತ್ರ ಬೋಧಕ ಪಿಯರ್ ಬರ್ನಾರ್ಡ್, 1970ರ ದಶಕದಲ್ಲಿ ರಜನೀಶ್ (ಓಶೋ) ಇದಕ್ಕೆ ಆಕಾರ ಕೊಟ್ಟವರಲ್ಲಿ ಪ್ರಮುಖರು. ಪಾಶ್ಚಾತ್ಯ ಮನೋಚಿಕಿತ್ಸೆಯ ಗುಂಪು ಅಭ್ಯಾಸಗಳೂ ಇದರೊಳಗೆ ಬೆರೆತಿವೆ.

ಹೊಸದೆಂಬ ಕಾರಣಕ್ಕೆ ಅದು ನಿರುಪಯುಕ್ತವೆಂದು ನಾನು ಹೇಳುತ್ತಿಲ್ಲ. ನಿಧಾನವಾದ ಉಸಿರಾಟದಿಂದ ಮೈಮನಸ್ಸು ಸಡಿಲಗೊಳ್ಳುವುದು ಅನೇಕರ ಅನುಭವ. ಆದರೆ ಆಘಾತ ಅಥವಾ ಖಿನ್ನತೆಯಿಂದ ಬಳಲುವವರಿಗೆ ಶಿಬಿರದ ಮಾರ್ಗದರ್ಶಕರು ತರಬೇತಿ ಪಡೆದ ಚಿಕಿತ್ಸಕರಿಗೆ ಬದಲಿಯಾಗಲಾರರು, ಮತ್ತು ಪ್ರಾಚೀನತೆಯ ಹೆಸರಿನಲ್ಲಿ ಯಾರೂ ಒಪ್ಪಿಗೆಯಿಲ್ಲದ ಸ್ಪರ್ಶವನ್ನು ಸಮರ್ಥಿಸಿಕೊಳ್ಳುವಂತಿಲ್ಲ.