ಇಬ್ಬರ ಖರ್ಚು, ಒಬ್ಬರ ಪಾಯಿಂಟು

ಗಂಡ-ಹೆಂಡತಿ ಸೇರಿ ಒಂದು ರಿವಾರ್ಡ್ಸ್ ಕ್ರೆಡಿಟ್ ಕಾರ್ಡ್ (ಖರ್ಚು ಮಾಡಿದಷ್ಟಕ್ಕೆ ಪಾಯಿಂಟು ಕೊಡುವ ಕಾರ್ಡ್) ಆರಿಸುವುದು ಯಾಕಿಷ್ಟು ತಲೆನೋವು? ನಮ್ಮ ಮನೆ ಇಬ್ಬರ ಸಂಬಳದಲ್ಲೂ ನಡೆಯುತ್ತದೆ. ಬ್ಯಾಂಕಿನ ಲೆಕ್ಕದಲ್ಲಿ ಮಾತ್ರ ಕಾರ್ಡ್ ಒಬ್ಬರದ್ದೇ. ನನಗೆ ಸಿಕ್ಕಿದ್ದು ಆಡ್-ಆನ್ ಕಾರ್ಡ್, ಅಂದರೆ ಮುಖ್ಯ ಕಾರ್ಡ್‌ದಾರರ ಖಾತೆಗೇ ಸೇರಿದ ಹೆಚ್ಚುವರಿ ಕಾರ್ಡ್. ದಿನಸಿ, ಔಷಧಿ, ಮಕ್ಕಳ ಫೀಸು ಅಂತ ನಾನು ಉಜ್ಜಿದ್ದಕ್ಕೆಲ್ಲ ಪಾಯಿಂಟು ಅವರ ಖಾತೆಗೆ. ಲಿಮಿಟ್ಟೂ ಇಬ್ಬರಿಗೂ ಸೇರಿ ಒಂದೇ. ಬಿಲ್ ತಪ್ಪದೆ ಕಟ್ಟಿದರೂ ನನ್ನ ಕ್ರೆಡಿಟ್ ಸ್ಕೋರ್ ಬೆಳೆಯುವುದಿಲ್ಲ. ನಾಳೆ ನನ್ನ ಹೆಸರಲ್ಲಿ ಸಾಲ ಬೇಕಾದರೆ ಏನು ತೋರಿಸಲಿ?

ಬೇರೆ ಬೇರೆ ಕಾರ್ಡ್ ತಗೊಂಡರೆ ಖರ್ಚು ಎರಡು ಕಡೆ ಹಂಚಿಹೋಗುತ್ತದೆ. ವಾರ್ಷಿಕ ಶುಲ್ಕ ಮನ್ನಾ ಆಗುವಷ್ಟು ಖರ್ಚು ಯಾವುದರಲ್ಲೂ ಆಗುವುದಿಲ್ಲ. ಶುಲ್ಕದ ಮೇಲೆ 18% ಜಿಎಸ್‌ಟಿ ಬೇರೆ.

ಮೊನ್ನೆ 2,000 ಪಾಯಿಂಟು ನಗದು ಮಾಡಿಕೊಳ್ಳಲು ಹೋದೆವು. ಒಂದಕ್ಕೆ 25 ಪೈಸೆ, ಅಂದರೆ 500 ರೂಪಾಯಿ. ಅದಕ್ಕೆ 99 ರೂಪಾಯಿ ರಿಡೆಂಪ್ಷನ್ ಶುಲ್ಕ, ಅದರ ಮೇಲೂ ಜಿಎಸ್‌ಟಿ! ನಮ್ಮ ಪಾಯಿಂಟು ನಮಗೆ ಕೊಡಲು ಶುಲ್ಕ ಯಾಕೆ ಸ್ವಾಮಿ? ಕಾರ್ಡ್ ಮಾರಲು ಫೋನ್ ಮಾಡುವವರು ಇದನ್ನೆಲ್ಲ ಬಾಯಿ ಬಿಡುವುದೇ ಇಲ್ಲ. ಉಳಿತಾಯ ಖಾತೆ ಜಂಟಿಯಾಗಿ ಕೊಡುತ್ತಾರೆ ಅಲ್ವಾ, ಪಾಯಿಂಟುಗಳನ್ನೂ ಹಾಗೇ ಇಬ್ಬರ ಹೆಸರಲ್ಲಿ ಇಡಲಿ.