ಸತ್ತವರು ಸೋಮವಾರ ಬರುತ್ತಾರೆ

ನಾಲ್ಕು ದಿನದಿಂದ ನಮ್ಮ ಮನೆಯಲ್ಲಿ ಸೂತಕದ ಕಳೆ. ಗಾಬರಿ ಬೇಡ, ಯಾರೂ ಸತ್ತಿಲ್ಲ. ಸತ್ತವನೊಬ್ಬ ವಾಪಸ್ ಬರುತ್ತಿದ್ದಾನೆ, ಅದಕ್ಕೇ ಈ ರಂಪ. ಅಕ್ಕನ ಮಗ ತನ್ನ ಜೀವದ ಗೆಳೆಯನ ಜೊತೆ ಮಾತು ಬಿಟ್ಟಿದ್ದಾನೆ. ಇಬ್ಬರದೂ ಒಂದೇ ಆಫೀಸು, ಒಂದೇ ಕ್ಯಾಬು. ರಾಜಾಜಿನಗರದಿಂದ ವೈಟ್‌ಫೀಲ್ಡ್‌ವರೆಗೆ ಪಕ್ಕಪಕ್ಕದಲ್ಲೇ ಕೂತು, ಒಬ್ಬ ಎಡಗಡೆ ಕಿಟಕಿ, ಇನ್ನೊಬ್ಬ ಬಲಗಡೆ ಕಿಟಕಿ ನೋಡುತ್ತಾ ಹೋಗುತ್ತಾರಂತೆ. ಸಾಲ ಕೊಟ್ಟು ಕೈ ಸುಟ್ಟುಕೊಂಡರಾ ಅಂತ ಕೇಳಿದೆ. "ಅಲ್ಲ ಮಾಮ, ಡಾಕ್ಟರ್ ಡೂಮ್" ಅಂದ.

ವಿಷಯ ನಿಮಗೆಲ್ಲ ಗೊತ್ತೇ ಇದೆ. 2019ರಲ್ಲಿ ಮಾರ್ವೆಲ್ ಕಂಪನಿಯ ಸೂಪರ್‌ಹೀರೋ ಸಿನಿಮಾದಲ್ಲಿ ಹೀರೋ ಐರನ್ ಮ್ಯಾನ್ ಚಿಟಿಕೆ ಹೊಡೆದು ಸತ್ತ. ಅವತ್ತು ನನ್ನ ಪಕ್ಕದ ಸೀಟಿನಲ್ಲಿದ್ದ ಆಳೆತ್ತರದ ಗಡ್ಡಧಾರಿಯೊಬ್ಬ ಪಾಪ್‌ಕಾರ್ನ್ ಡಬ್ಬಿಯೊಳಗೆ ಮುಖ ಹುದುಗಿಸಿಕೊಂಡು ಅತ್ತಿದ್ದ, ಸ್ವಂತ ಚಿಕ್ಕಪ್ಪ ಹೋದಾಗಲೂ ಅಷ್ಟು ಅತ್ತಿರಲಿಕ್ಕಿಲ್ಲ. ಈಗ ನೋಡಿದರೆ ಅದೇ ನಟ, ರಾಬರ್ಟ್ ಡೌನಿ ಜೂನಿಯರ್, 2024ರ ಜುಲೈನಲ್ಲಿ ಹಸಿರು ನಿಲುವಂಗಿಯಲ್ಲಿ ವೇದಿಕೆಗೆ ಬಂದು, ಮುಖವಾಡ ತೆಗೆದು, ಇನ್ನು ಮುಂದೆ ನಾನು ವಿಲನ್, ಡಾಕ್ಟರ್ ಡೂಮ್ ಅಂದುಬಿಟ್ಟ. ನಮ್ಮ ಹುಡುಗನ ಪ್ರಕಾರ ಇದು ದ್ರೋಹ. ಅವನ ಗೆಳೆಯನ ಪ್ರಕಾರ ಮಾಸ್ಟರ್‌ಸ್ಟ್ರೋಕು. ಸಿನಿಮಾ 2026ರ ಡಿಸೆಂಬರ್‌ಗಂತೆ. ಜಗಳ ಮಾತ್ರ ಆಗಲೇ ರಿಲೀಸ್ ಆಗಿದೆ.

ಇದೇ ಹುಡುಗ ನಮ್ಮಮ್ಮ ಸಂಜೆ ಏಳು ಗಂಟೆಗೆ ಧಾರಾವಾಹಿ ಹಾಕಿದರೆ ಮೂಗು ಮುರಿಯುತ್ತಾನೆ. "ಅಜ್ಜಿ, ಸತ್ತವಳು ಹೆಂಗೆ ವಾಪಸ್ ಬಂದಳು? ಲಾಜಿಕ್ ಬೇಡ್ವಾ?" ನೋಡಿ, ಲಾಜಿಕ್ ಕೇಳುತ್ತಿರುವುದು ಯಾರು! ಇವನ ಲೋಕದಲ್ಲಿ ಒಬ್ಬ ಚಿಟಿಕೆ ಹೊಡೆದರೆ ಅರ್ಧ ಬ್ರಹ್ಮಾಂಡವೇ ಬೂದಿ, ಇನ್ನೊಬ್ಬ ಹೊಡೆದರೆ ಅಷ್ಟೂ ಜನ ವಾಪಸ್. ನಮ್ಮಮ್ಮನ ಧಾರಾವಾಹಿಯವರಾದರೂ ಒಂದು ಮರ್ಯಾದೆ ಇಟ್ಟುಕೊಂಡಿದ್ದಾರೆ. ನಟಿ ಬದಲಾದರೆ ಕಾರು ಆಕ್ಸಿಡೆಂಟು ಮಾಡಿಸುತ್ತಾರೆ, ಮುಖಕ್ಕೆ ಬ್ಯಾಂಡೇಜು ಸುತ್ತುತ್ತಾರೆ, ಎರಡು ವಾರ ಆಸ್ಪತ್ರೆ ತೋರಿಸಿ, ಆಮೇಲೆ ನಿಧಾನಕ್ಕೆ ಬಿಚ್ಚುತ್ತಾರೆ. ಮಾರ್ವೆಲ್‌ನವರು? 2008ರಲ್ಲಿ ಹಲ್ಕ್ ಆಗಿದ್ದವನು ಎಡ್ವರ್ಡ್ ನಾರ್ಟನ್, 2012ರಲ್ಲಿ ನೋಡಿದರೆ ಮಾರ್ಕ್ ರಫಲೋ. ಒಂದು ಬ್ಯಾಂಡೇಜು ಬೇಡವೇನ್ರೀ? ಇಪ್ಪತ್ತೆರಡು ಸಿನಿಮಾ ಬಿಡದೆ ನೋಡಿದ ಮೇಲೆ ಒಂದು ಕಥೆ ಮುಗಿಯುತ್ತದೆ ಅಂದರೆ ಅದಕ್ಕೆ ನಾವು ಮೆಗಾ ಧಾರಾವಾಹಿ ಅಂತೀವಿ. ಹೆಸರೆಲ್ಲ ಬಂದು ಮುಗಿಯುವವರೆಗೂ ಕೂರಿಸಿ ಕೊನೆಗೆ ಒಂದು ತುಣುಕು ತೋರಿಸುತ್ತಾರಲ್ಲ, ಅದು "ಮುಂದುವರಿಯುವುದು". ಅಷ್ಟೇ.

ಸಿನಿಮಾ ಅಂದಾಗ ನೆನಪಾಯಿತು. ಟಿಕೆಟ್ ಬೆಲೆ 200 ರೂಪಾಯಿ ಮೀರಬಾರದು ಅಂತ ನಮ್ಮ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ಮಾಡಿತು, ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ಹುಟ್ಟಿದ ತಿಂಗಳಲ್ಲೇ ಕೋಮಾಕ್ಕೆ ಹೋದ ಪಾತ್ರ ಅದು. ಅದರ ಪರವಾಗಿ ಒಬ್ಬ ಅಭಿಮಾನಿಯೂ ಹ್ಯಾಶ್‌ಟ್ಯಾಗ್ ಮಾಡಿದ್ದು ನಾನು ಕಾಣೆ.

ಹ್ಯಾಶ್‌ಟ್ಯಾಗಿನ ತಾಕತ್ತು ಸಾಮಾನ್ಯದ್ದಲ್ಲ. ಸೂಪರ್‌ಮ್ಯಾನ್ ಮೀಸೆಯ ಕಥೆ ಕೇಳಿದ್ದೀರಲ್ಲ? 2017ರ ಜಸ್ಟಿಸ್ ಲೀಗ್ ಸಿನಿಮಾಕ್ಕೆ ಕೆಲವು ದೃಶ್ಯ ಮತ್ತೆ ಶೂಟ್ ಮಾಡಬೇಕಾಗಿತ್ತು. ಅಷ್ಟರಲ್ಲಿ ಸೂಪರ್‌ಮ್ಯಾನ್ ಆಗಿದ್ದ ಹೆನ್ರಿ ಕ್ಯಾವಿಲ್ ಬೇರೆ ಸಿನಿಮಾಕ್ಕೆ ಅಂತ ಮೀಸೆ ಬಿಟ್ಟಿದ್ದ, ಬೋಳಿಸುವ ಹಾಗಿರಲಿಲ್ಲ. ಸರಿ, ಮೀಸೆಯಲ್ಲೇ ಶೂಟ್ ಮಾಡಿ ಕಂಪ್ಯೂಟರಿನಲ್ಲಿ ಅಳಿಸಿದರು. ಮೇಲ್ತುಟಿ ಕಣಜ ಕಚ್ಚಿದ ಹಾಗೆ ಬಂತು. ನಮ್ಮಲ್ಲಿ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರೆ. ಅಲ್ಲೂ ಹಂಗೇ ಆಯಿತು, ಮೀಸೆಗೆ ಏನೂ ಆಗಲಿಲ್ಲ, ಸಿನಿಮಾ ಮಾತ್ರ ಮಣ್ಣಾಯಿತು. ಆಮೇಲೆ ಅಭಿಮಾನಿಗಳು ಮೂರು ವರ್ಷಕ್ಕೂ ಜಾಸ್ತಿ ಹಠ ಹಿಡಿದು, ಮಧ್ಯದಲ್ಲೇ ಬಿಟ್ಟುಹೋಗಿದ್ದ ಮೊದಲ ನಿರ್ದೇಶಕನದೇ ಸಿನಿಮಾ ಬೇಕು ಅಂತ ಕೂಗಿ, 2021ರಲ್ಲಿ ತರಿಸಿಕೊಂಡರು. ನಾಲ್ಕು ಗಂಟೆ ಎರಡು ನಿಮಿಷ! ರಾತ್ರಿಯಿಡೀ ಬಯಲಾಟ ನೋಡಿದ ಜನ ನಾವು, ನಮಗೇನೂ ಭಯವಿಲ್ಲ. ಆದರೂ ಆಟದಲ್ಲಿ ಮಧ್ಯೆ ಎದ್ದು ಹೋಗಿ ಚುರುಮುರಿ ತಿಂದು ಬಂದರೆ ಯಾರೂ ಬೈಯುತ್ತಿರಲಿಲ್ಲ.

ಇದು ಇಂಟರ್‌ನೆಟ್ ತಂದ ರೋಗ ಅಂತೀರಾ? 1988ರಲ್ಲಿ ಬ್ಯಾಟ್‌ಮ್ಯಾನ್ ಕಾಮಿಕ್ಸ್‌ನವರು ಅವನ ಶಿಷ್ಯ ರಾಬಿನ್ ಬದುಕಬೇಕೋ ಸಾಯಬೇಕೋ ಅಂತ ಓದುಗರ ಕೈಗೇ ಬಿಟ್ಟರು. ಒಂದು ಫೋನ್ ಕರೆಗೆ ಐವತ್ತು ಸೆಂಟು. ಸಾಯಲಿ ಅಂದವರು 5,343, ಬದುಕಲಿ ಅಂದವರು 5,271. ಬರೀ 72 ವೋಟಿನಲ್ಲಿ ಹುಡುಗ ಹೋದ. ಜನ ದುಡ್ಡು ಕೊಟ್ಟು ವೋಟು ಹಾಕಿದ್ದಾರೆ, ಗಮನಿಸಿ. ನಮ್ಮ ಊರಲ್ಲಿ ಬಿಬಿಎಂಪಿಗೆ ಕೊನೆಯ ಚುನಾವಣೆ ಆಗಿದ್ದು 2015ರಲ್ಲಿ. 2020ರಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. ಆಮೇಲೆ ಐದು ವರ್ಷ ಕಾರ್ಪೊರೇಟರೇ ಇಲ್ಲ, ಕೊನೆಗೆ ಬಿಬಿಎಂಪಿಯನ್ನೇ ಎತ್ತಿ ಪಕ್ಕಕ್ಕಿಟ್ಟರು. ಒಬ್ಬರಾದರೂ ಮಾತು ಬಿಟ್ಟರಾ? ಕ್ಯಾಬಿನಲ್ಲಿ ಕಿಟಕಿ ಕಡೆ ತಿರುಗಿದರಾ?

ಇರಲಿ, ಇಲ್ಲಿಯವರೆಗೂ ತಮಾಷೆಯೇ. ಅಭಿಮಾನಿಗಳ ಇನ್ನೊಂದು ಮುಖವೂ ಇದೆ. ಹೆಂಗಸೇ ಸೂಪರ್‌ಹೀರೋ ಆಗಿರುವ ಕ್ಯಾಪ್ಟನ್ ಮಾರ್ವೆಲ್ ಸಿನಿಮಾದ ಟ್ರೇಲರ್ ಬಂದಾಗ ದೊಡ್ಡ ದೂರು ಏನಾಗಿತ್ತು ಗೊತ್ತಾ? ಅವಳು ನಗಲ್ಲ ಅನ್ನೋದು. ಅಳೋ ಗಂಡಸನ್ನ ನಗೋ ಹೆಂಗಸನ್ನ ನಂಬಬಾರದು ಅಂತ ನಮ್ಮಲ್ಲಿ ಹಳೇ ಗಾದೆ. ಈಗ ನೋಡಿ, ಪಾಪ್‌ಕಾರ್ನ್ ಡಬ್ಬಿಗೆ ಅಳುವ ಗಂಡಸರೆಲ್ಲ ಸೇರಿಕೊಂಡು ಹೆಂಗಸು ನಗಲಿಲ್ಲ ಅಂತ ಪಂಚಾಯಿತಿ ಕೂರಿಸಿದ್ದರು. ಸಿನಿಮಾ ಬಿಡುಗಡೆಯೇ ಆಗಿಲ್ಲ, ರಾಟನ್ ಟೊಮ್ಯಾಟೋಸ್ ಅನ್ನೋ ಸಿನಿಮಾ ವಿಮರ್ಶೆಯ ವೆಬ್‌ಸೈಟಿನ ಪುಟದ ತುಂಬ ಉಗಿತ. ಕೊನೆಗೆ ವೆಬ್‌ಸೈಟಿನವರು, ಜನ ಸಿನಿಮಾ ನೋಡುವ ಮೊದಲೇ ಅಭಿಪ್ರಾಯ ಬರೆಯುವ ಜಾಗವನ್ನೇ ಮುಚ್ಚಿದರು. ಬ್ರೇಕಿಂಗ್ ಬ್ಯಾಡ್ ಅನ್ನೋ ಅಮೆರಿಕದ ಧಾರಾವಾಹಿಯಲ್ಲಿ ಗಂಡ ವಿಷದಂಥ ಮಾದಕ ವಸ್ತು ಕುದಿಸಿ ಮಾರುತ್ತಾನೆ, ಕೊಲೆ ಮಾಡುತ್ತಾನೆ, ಅವನು ಹೀರೋ. ಇದೆಲ್ಲ ಯಾಕೆ ಅಂತ ಕೇಳಿದ ಹೆಂಡತಿ ರಾಕ್ಷಸಿ. ಆ ಪಾತ್ರ ಮಾಡಿದ ಆ್ಯನಾ ಗನ್ 2013ರಲ್ಲಿ ಪತ್ರಿಕೆಯಲ್ಲಿ ಇದನ್ನೆಲ್ಲ ಬರೆದುಕೊಂಡರು, ಪಾತ್ರದ ಮೇಲಿದ್ದ ದ್ವೇಷ ತಿರುಗಿ ತಮ್ಮ ಮೇಲೇ ಬಂದದ್ದನ್ನು. ಇಷ್ಟು ವರ್ಷ ಆಯಿತು, ಏನು ಬದಲಾಗಿದೆ? ಇಲ್ಲಿ ನಮ್ಮ ಕನ್ನಡದ ಹುಡುಗಿ ಬೆಳಗ್ಗೆಯಿಂದ ರಾತ್ರಿವರೆಗೆ ಸೆಟ್ಟಿನಲ್ಲಿ ನಿಂತು, ಬರೆದುಕೊಟ್ಟ ಡೈಲಾಗ್ ಹೇಳಿ, ಕೆಟ್ಟ ಅತ್ತಿಗೆಯ ಪಾತ್ರ ಮಾಡಿ ಮನೆಗೆ ಹೋದರೆ, ಅವಳ ಫೋಟೋ ಕೆಳಗೆ ಅವಳ ಅಪ್ಪ ಅಮ್ಮನನ್ನೂ ಸೇರಿಸಿ ಬೈದಿರುತ್ತಾರೆ. ಓದಿದ್ದೇನೆ ನಾನು. ಬರೆಯೋಕೆ ಕೈ ಬರುವಂಥ ಮಾತುಗಳಲ್ಲ. ಸುಮ್ನೆ ಬೇಜಾರಾಗುತ್ತೆ. ಇದಕ್ಕೆ ಹಾಸ್ಯ ಮಾಡುವ ಉತ್ಸಾಹ ನನಗಿಲ್ಲ.

ನಮ್ಮಮ್ಮನೂ ಬೈಯುತ್ತಾಳೆ. ಕೈಯಲ್ಲಿ ಹುರುಳಿಕಾಯಿ ಮುರಿಯುತ್ತಾ "ಹಾಳಾದವಳು, ಇವಳ ಮನೆ ಎಕ್ಕುಟ್ಟೋಗ" ಅಂತ ಶಾಪ ಹಾಕುತ್ತಾಳೆ. ಅಷ್ಟರಲ್ಲಿ ಬ್ರೇಕ್ ಬರುತ್ತೆ. ಅದೇ ನಟಿ ಜಾಹೀರಾತಿನಲ್ಲಿ ರೇಷ್ಮೆ ಸೀರೆ ಉಟ್ಟು ನಗುತ್ತಾಳೆ. "ಎಷ್ಟು ಲಕ್ಷಣವಾಗಿದ್ದಾಳೆ ನೋಡೋ, ಪಾಪ ಒಳ್ಳೇ ಹುಡುಗಿ" ಅನ್ನುತ್ತಾಳೆ ಅಮ್ಮ. ಬ್ರೇಕ್ ಮುಗಿದರೆ ಮತ್ತೆ ಹಾಳಾದವಳು.

ನಿನ್ನೆ ಹುಡುಗ ಅಜ್ಜಿಯ ಹತ್ತಿರವೇ ನ್ಯಾಯ ಕೇಳಲು ಕೂತ. ಎಲ್ಲ ವಿವರಿಸಿದ. ಅಮ್ಮ ಕೇಳಿದಳು, "ಅವಳಿ ಜವಳಿನಾ?"

"ಅಲ್ಲ ಅಜ್ಜಿ. ನಟ ಅವನೇ, ಪಾತ್ರ ಬೇರೆ. ಮುಖಕ್ಕೆ ಕಬ್ಬಿಣದ ಮುಖವಾಡ ಹಾಕ್ಕೊಂಡಿರ್ತಾನೆ."

"ಮುಖವಾಡ ಹಾಕೋದಾದ್ರೆ ಅವನೇ ಯಾಕೆ ಬೇಕಿತ್ತು? ಕಡಿಮೆ ಸಂಬಳದವನು ಯಾರೂ ಸಿಗಲಿಲ್ವಾ?"

ಹುಡುಗ ಒಂದು ನಿಮಿಷ ಸುಮ್ಮನಾದ. ಆಮೇಲೆ ಆ ಪ್ರಶ್ನೆಯನ್ನು ಫೋನಿನಲ್ಲಿ ಹಾಗೇ ಟೈಪ್ ಮಾಡಿ ಹಾಕಿದ. ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಬೈಗುಳದ ಮಳೆ.

"ಏನಂತಾರೋ?" ಅಂದಳು ಅಮ್ಮ, ರಿಮೋಟ್ ಹುಡುಕುತ್ತಾ.

"ನೀನು ನಿಜವಾದ ಫ್ಯಾನ್ ಅಲ್ಲವಂತೆ ಅಜ್ಜಿ."

"ಫ್ಯಾನಾ? ಆರಿಸೋ ಅದನ್ನ, ಥಂಡಿ ಆಗ್ತಿದೆ."